ಮ್ಯೂರಿಯಲ್ ಹೆಸರಿನದೊಂದು ಹೂ

ಆ ಭಾನುವಾರ ಬಿಸಿಲು ಬರಲಿಲ್ಲ. ಆದದ್ದು ಇಷ್ಟೇ. ಉಳಿದದ್ದೆಲ್ಲ ಅದರ ಬೆನ್ನಿಗೆ ಬಂದ ಬಳಗ.

ಫೆಬ್ರವರಿಯ ಮೋಡ ನೆದರ್‌ಬೆಕ್ ಊರಿನ ಮೇಲೆ ಒಗೆದು ಹಿಂಡದ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಚರ್ಚಿನ ಗಡಿಯಾರ ಒಂಬತ್ತು ಹೊಡೆಯುವ ಹೊತ್ತಿಗೆ ಪರ್ಸಿ ಓಲ್ಡ್‌ರಾಯ್ಡ್ ತನ್ನ ಹಿತ್ತಲಿನಲ್ಲಿ ಗೋಣಿಚೀಲ ಹಾಸಿ, ಹೊಟ್ಟೆಯಡಿಯಾಗಿ ಮಲಗಿ, ಗೇಣುದ್ದದ ಒಂದು ಗಿಡದ ಬುಡಕ್ಕೆ ಬಾಯಿಟ್ಟು ಉಸಿರು ಬಿಡುತ್ತಿದ್ದ.

“ಹಾ… ಹಾ…”

ಅಡುಗೆಮನೆಯ ಕಿಟಕಿ ತೆರೆಯಿತು. “ರೀ, ಅದೇನು ಹೂವೋ, ಹಲ್ಲಿನ ಡಾಕ್ಟರೋ? ಆ ಅಂತ ಬಾಯಿ ಬಿಟ್ಕೊಂಡು ಮಲಗಿದೀರಲ್ಲ!” ಎಂದಳು ಹೆಂಡತಿ ಮ್ಯೂರಿಯಲ್.

“ಬಾಯಿ ಬಿಡಬೇಕಾದ್ದು ಅದು ಕಣೆ. ಅದು ಬಿಡ್ತಾ ಇಲ್ಲ, ಅದಕ್ಕೇ ನಾನು ಬಿಡ್ತಾ ಇದೀನಿ.”

ಸ್ನೋಡ್ರಾಪ್ ಹೂವಿನ ಸ್ವಭಾವವೇ ಅಂಥದ್ದು. ಹಿಮ ಕರಗದ ನೆಲವನ್ನೂ ಒಡೆದುಕೊಂಡು ಬರುವಷ್ಟು ಗಟ್ಟಿಗಿತ್ತಿ. ಬಂದಮೇಲೆ ಮಾತ್ರ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತುಬಿಡುತ್ತದೆ. ಹೊರಗೆ ಮೂರು ಉದ್ದನೆಯ ಬಿಳಿ ಎಸಳು, ಒಳಗೆ ಮೂರು ಪುಟ್ಟ ಎಸಳು, ಆ ಪುಟ್ಟ ಎಸಳುಗಳ ಮೇಲೆ ಒಂದೊಂದು ಹಸಿರು ಮಚ್ಚೆ. ಗಾಳಿ ಬೆಚ್ಚಗಿದ್ದರೆ ಹೊರಗಿನ ಸೆರಗು ಸರಿಸಿ ಮಚ್ಚೆ ತೋರಿಸುತ್ತದೆ. ಚಳಿಯಿದ್ದರೆ ಯಾರೇ ಬಂದು ಬೇಡಿಕೊಂಡರೂ ಇಲ್ಲ. ಆ ಮಚ್ಚೆ ನೋಡುವುದಕ್ಕೆಂದೇ ನೆದರ್‌ಬೆಕ್ಕಿನ ಜನ ವರ್ಷಕ್ಕೊಂದು ತಿಂಗಳು ಕೆಸರಿನಲ್ಲಿ ಹೊಟ್ಟೆ ಹೊಸೆಯುತ್ತಾರೆ. ಮಚ್ಚೆ ಬೇರೆಯಾಗಿದ್ದರೆ ಹೂವೇ ಬೇರೆ. ಹೂವು ಬೇರೆಯಾದರೆ ಅದಕ್ಕೊಂದು ಹೊಸ ಹೆಸರು.

ಪರ್ಸಿಯ ಹೂವಿನ ಮಚ್ಚೆ ಹಸಿರಾಗಿರಲಿಲ್ಲ. ಮೊಟ್ಟೆಯ ಭಂಡಾರದಂಥ ಅಚ್ಚ ಹಳದಿ. ಅದೂ ಹೃದಯದ ಆಕಾರದ್ದು. ಮೂವತ್ತು ವರ್ಷ ಗೆಡ್ಡೆ ನೆಟ್ಟು, ಕಿತ್ತು, ಬೀಜ ಹಾಕಿ, ಕಾದು ಕಾದು ಹೋದವಾರವಷ್ಟೇ ಅವನಿಗೆ ಒಲಿದ ಒಂದೇ ಒಂದು ಗಿಡ, ಒಂದೇ ಒಂದು ಹೂ.

ನೆದರ್‌ಬೆಕ್ಕಿನಲ್ಲಿ ಮರ್ಯಾದಸ್ಥ ಹೆಂಗಸು ಅಂದರೆ ಅವಳ ಹೆಸರಿನಲ್ಲೊಂದು ಹೂವಿರಬೇಕು. ಎದುರುಮನೆ ವಿನ್ನಿಗೆ ಅವಳ ಗಂಡ ಸಾಯುವ ಮೊದಲು ಒಂದು ಬಟಾಣಿ ಹೂವಿನ ಬಳ್ಳಿಯನ್ನು ಬರೆದಿಟ್ಟು ಹೋಗಿದ್ದ. ಪಾದ್ರಿಯ ಹೆಂಡತಿಗೆ ಪ್ರಿಮ್‌ರೋಸ್ ಇತ್ತು. ಮಾಂಸದಂಗಡಿಯವನ ಅತ್ತೆಗೆ ಕೂಡ ಒಂದು ಡೇಲಿಯಾ. ಐದಡಿ ಬೆಳೆದು ಅಕ್ಕಪಕ್ಕದ ಗಿಡಗಳನ್ನೆಲ್ಲ ಅಮುಕಿಬಿಡುವ ಜಾತಿ, ಹೆಸರು ಸರಿಯಾಗಿಯೇ ಬಿದ್ದಿದೆ ಎನ್ನುತ್ತಿದ್ದ ಅಳಿಯ. ಮ್ಯೂರಿಯಲ್‌ಗೆ ಏನೂ ಇರಲಿಲ್ಲ. ಬಸ್ಸು ಓಡಿಸಿಕೊಂಡಿದ್ದ ಪರ್ಸಿ ಮದುವೆಯ ದಿನ ಬಂದಾಗಲೆಲ್ಲ ಮರೆಯುತ್ತಿದ್ದ; ನೆನಪಾದ ವರ್ಷ ಬಕೆಟ್ ತಂದುಕೊಟ್ಟಿದ್ದ, ಇನ್ನೊಂದು ವರ್ಷ “ಇಬ್ಬರಿಗೂ ಆಗುತ್ತೆ” ಎಂದು ಗುದ್ದಲಿ.

ಇವತ್ತಿಗೆ ಮದುವೆಯಾಗಿ ನಲವತ್ತು ವರ್ಷ. ಬುಧವಾರ ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಚಹಾ ಕುಡಿಯುತ್ತಿರುವಾಗ ಪರ್ಸಿ ಕುರ್ಚಿ ಹತ್ತಿ ನಿಂತು, ಭಾನುವಾರ ಎರಡು ಗಂಟೆಗೆ ಸ್ನೋಡ್ರಾಪ್ ಸಂಘದ ಮಿಸ್ ಟೆಂಪರ್ಲಿ ಬಂದು ತನ್ನ ಹೂವನ್ನು ಒಪ್ಪಿಕೊಳ್ಳುತ್ತಾರೆ, ಅದರ ಹೆಸರು ಮ್ಯೂರಿಯಲ್ ಎಂದು ಸಾರಿಬಿಟ್ಟಿದ್ದ. ಮ್ಯೂರಿಯಲ್ ಅವನ ಲೋಟಕ್ಕೆ ಎರಡು ತುಂಡು ಸಕ್ಕರೆ ಹಾಕಿದಳು. ಡಾಕ್ಟರು ಬೇಡವೆಂದಿದ್ದ ಎರಡನ್ನೂ.

“ನಾನು ಹಾಲ್‌ಗೆ ಹೊರಟೆ,” ಎಂದಳು ಈಗ ಕಿಟಕಿಯಿಂದ. “ಚಹಾದ ಮೇಜುಗಳಿಗೆ ಹೂ ಸಾಲದು ಅಂದ್ರು. ನಮ್ಮ ಹಿತ್ತಲಿನ ಮಾಮೂಲಿ ಸ್ನೋಡ್ರಾಪನ್ನೆಲ್ಲ ಕೊಯ್ದುಬಿಟ್ಟಿದೀನಿ. ಒಂದೂ ಉಳಿದಿಲ್ಲ. ಒಲೆಯಲ್ಲಿ ಕೇಕ್ ಇದೆ, ಕರೆಂಟು ಗಿರೆಂಟು ಮುಟ್ಟಬೇಡಿ. ಎರಡು ಗಂಟೆಗೆ ನಾನೇ ಮಿಸ್ ಟೆಂಪರ್ಲಿಯನ್ನ ಕರ್ಕೊಂಡು ಬರ್ತೀನಿ.” ಬೀರುವಿನಲ್ಲಿ ಹನ್ನೊಂದು ವರ್ಷ ಮಲಗಿದ್ದ ನೀಲಿ ಹ್ಯಾಟು ಅವಳ ತಲೆಯೇರಿತ್ತು. ಅದನ್ನು ಕಂಡು ಪರ್ಸಿ ಇನ್ನೂ ಜೋರಾಗಿ ಉಸಿರುಬಿಟ್ಟ.

ಪಕ್ಕದ ಗೋಡೆಯ ಮೇಲೆ ಒಂದು ಟೋಪಿ ಮೂಡಿತು. ಟೋಪಿಯ ಕೆಳಗೆ ಪಕ್ಕದ ಮನೆಯ ಹೆಡ್ಲಿ.

“ಏನಯ್ಯಾ ಪರ್ಸಿ, ಹುಲ್ಲು ಮೇಯ್ತಾ ಇದೀಯಾ?”

ಹೆಡ್ಲಿಗೆ ಹೂವೆಂದರೆ ಅಷ್ಟಕ್ಕಷ್ಟೆ. ಅವನದೇನಿದ್ದರೂ ರೂಬಾರ್ಬ್, ಕೆಂಪು ದಂಟಿನ ಹುಳಿ ಸೊಪ್ಪು. ಅದಕ್ಕೆ ಗೊಬ್ಬರ ಮಿಲ್ಲಿನಿಂದ ಬರುವ ಉಣ್ಣೆಯ ಚಿಂದಿ. ನೆದರ್‌ಬೆಕ್ಕಿನಲ್ಲಿ ಇನ್ನೂ ಆ ಹಳೇ ಪದ್ಧತಿ ಇಟ್ಟುಕೊಂಡವನು ಅವನೊಬ್ಬನೇ. ಒಂಟಿ ಮನುಷ್ಯ. ನಲವತ್ತೊಂದು ವರ್ಷದ ಹಿಂದೆ ಚರ್ಚಿನ ಹಾಲ್‌ನಲ್ಲಿ ಮ್ಯೂರಿಯಲ್ ಜೊತೆ ಮೂರು ಸಲ ಕುಣಿದಿದ್ದ. ನಾಲ್ಕನೆಯ ಸಲ ಕುಣಿದದ್ದು ಪರ್ಸಿ. “ಹೆಡ್ಲಿ ಮೈಯಲ್ಲಿ ಒದ್ದೆ ಕುರಿ ವಾಸನೆ ಬರ್ತಿತ್ತು, ಇಲ್ಲದೇ ಹೋಗಿದ್ರೆ…” ಎಂದು ಮ್ಯೂರಿಯಲ್ ಆಗಾಗ ಹೇಳುತ್ತಿದ್ದಳು. ಆ ವಾಕ್ಯವನ್ನು ಅವಳು ಒಮ್ಮೆಯೂ ಮುಗಿಸಿದ್ದಿಲ್ಲ.

“ಈ ವರ್ಷ ಗೋಡೆಯಾಚೆಗೆ ಏನೂ ಎಸೀಲಿಲ್ಲವಲ್ಲ ನೀನು,” ಎಂದ ಹೆಡ್ಲಿ. “ನಿನಗೆ ಬೇಡವಾದ ಗೆಡ್ಡೆಗೆಲ್ಲ ನನ್ನ ಗೊಬ್ಬರಗುಂಡಿಯೇ ಅನಾಥಾಶ್ರಮ. ಅಲ್ಲೇ ಮೂಲೇಲಿ ಒಂದಷ್ಟು ಬದುಕಿಕೊಂಡಿವೆ ಪಾಪ.”

“ನಿನ್ನ ಸೊಪ್ಪು ನೋಡ್ಕೋ ಹೋಗಯ್ಯ. ಹೂ ತೆಗೀಬೇಕು ನಾನು.”

“ಆಗಲಿ. ಎರಡು ಗಂಟೆಗೆ ನಾನೂ ಬರ್ತೀನಿ. ಮ್ಯೂರಿಯಲ್ ಮುಖ ನೋಡಬೇಕು,” ಎಂದು ಟೋಪಿ ಮುಳುಗಿತು.

ಹತ್ತು ಗಂಟೆಗೆ ವಿನ್ನಿ ಬಂದಳು. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಅಯ್ಯೋ, ಉಸಿರಿಗೆಲ್ಲ ಬಗ್ಗುತ್ತಾ ಇದು? ಶಾಖ ಬೇಕು, ಶಾಖ!” ಎಂದವಳೇ ಓಡಿಹೋಗಿ ರಬ್ಬರಿನ ಬಿಸಿನೀರಿನ ಚೀಲ ತಂದು ಹೂವಿನ ಪಕ್ಕದಲ್ಲಿ ಮಲಗಿಸಿದಳು. ಚೀಲಕ್ಕೊಂದು ಉಣ್ಣೆಯ ಅಂಗಿ ಬೇರೆ. ಪರ್ಸಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಮಾಜಿ ಸೈನಿಕನ ಹಾಗೆ ತೆವಳಿ ಹತ್ತಿರ ಹೋದ. ಐದು ನಿಮಿಷ ಏನೂ ಆಗಲಿಲ್ಲ. ಆರನೆಯ ನಿಮಿಷಕ್ಕೆ ಚೀಲದ ಬಿರಡೆ ಸಡಿಲವಾಗಿ ಬಿಸಿನೀರೆಲ್ಲ ಸುರ್ರೆಂದು ಅವನ ಹೊಟ್ಟೆಯ ಕೆಳಗೆ ಹರಿಯಿತು.

ಅರವತ್ತೆಂಟು ವರ್ಷದ ಮನುಷ್ಯ ಮಲಗಿದಲ್ಲಿಂದ ಅಷ್ಟು ಎತ್ತರಕ್ಕೆ ಹಾರಬಲ್ಲ ಎಂದು ವಿನ್ನಿಗೆ ಗೊತ್ತಿರಲಿಲ್ಲ. ಹಾರಿದವನು ಇಳಿದದ್ದು ಕನ್ನಡಕದ ಮೇಲೆ. ಕರಕ್ ಎಂದಿತು.

“ಹೂವಿಗೇನಾಯ್ತು? ಹೂವಿಗೇನಾಯ್ತು?” ಎಂದು ಕೂಗಿದ ಪರ್ಸಿ, ಲೋಕವೆಲ್ಲ ಮಂಜಾಗಿ ಕಾಣುತ್ತಿರಲು.

“ಏನೂ ಆಗಿಲ್ಲ, ಬುಡದ ಮಣ್ಣು ಸ್ವಲ್ಪ ಪಾಯಸ ಆಗಿದೆ ಅಷ್ಟೆ.”

ಅಷ್ಟರಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ, ಹೂ ಬಿರಿದಿಲ್ಲವೆಂಬ ಸುದ್ದಿ ಕೇಳಿ ಪಾದ್ರಿಗಳು ಬಂದರು. ದೇವರ ಮೇಲೆ ಎಷ್ಟು ನಂಬಿಕೆಯೋ ಯಂತ್ರಗಳ ಮೇಲೂ ಅಷ್ಟೇ ನಂಬಿಕೆಯಿದ್ದ ಮನುಷ್ಯ. ಹೆಂಡತಿಯ ಕೂದಲು ಒಣಗಿಸುವ ಯಂತ್ರವನ್ನು ಕೋಟಿನೊಳಗಿಂದ ತೆಗೆದು, ಪರ್ಸಿ ಬೇಡ ಬೇಡವೆನ್ನುತ್ತಿದ್ದಂತೆ ಅಡುಗೆಮನೆಯಿಂದ ವೈರು ಎಳೆದು ಗುಂಡಿ ಒತ್ತಿದರು. ಒಂದು ಕ್ಷಣ ಹೂ ಬೆಚ್ಚಗಿನ ಗಾಳಿಯಲ್ಲಿ ತಲೆದೂಗಿತು. ಮರುಕ್ಷಣ ಢಬ್ ಎಂದು ಮನೆಯ ಫ್ಯೂಸು ಹೋಯಿತು. ಒಲೆಯಲ್ಲಿ ಅರ್ಧ ಉಬ್ಬಿದ್ದ ನಲವತ್ತನೆಯ ವರ್ಷದ ಕೇಕು ನಿಟ್ಟುಸಿರು ಬಿಟ್ಟು ಕುಸಿದ ಸದ್ದು ಹಿತ್ತಲಿಗೂ ಕೇಳಿಸಿತು.

“ದೇವರ ಇಚ್ಛೆ,” ಎಂದರು ಪಾದ್ರಿಗಳು.

“ಮ್ಯೂರಿಯಲ್ ಇಚ್ಛೆ ಏನು ಅಂತ ಸಂಜೆ ಗೊತ್ತಾಗುತ್ತೆ,” ಎಂದ ಪರ್ಸಿ.

ಫ್ಯೂಸು ಕಟ್ಟಿ, ಕೇಕಿನ ಗುಂಡಿಗೆ ಜಾಮು ತುಂಬಿ ಮುಚ್ಚುವಷ್ಟರಲ್ಲಿ ಹನ್ನೆರಡೂವರೆ. ಹೂ ಇನ್ನೂ ತುಟಿ ಬಿಚ್ಚಿರಲಿಲ್ಲ. ಆಗ ವಿನ್ನಿ ಹಣೆ ಚಚ್ಚಿಕೊಂಡಳು. “ಮನೇಲೇ ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು! ನಮ್ಮ ಡಚೆಸ್ ಇಲ್ವಾ? ಹದಿಮೂರು ಮರಿ ಎಬ್ಬಿಸಿದಾಳೆ. ಅವಳ ಮೈಯಷ್ಟು ಹದವಾದ ಶಾಖ ಈ ಊರಲ್ಲೇ ಇಲ್ಲ.”

ಡಚೆಸ್ ಎಂದರೆ ವಿನ್ನಿಯ ಕಂದು ಬಣ್ಣದ ಹೇಂಟೆ. ದಿಂಬಿನಷ್ಟು ದಪ್ಪ, ಕಣ್ಣಲ್ಲಿ ಹೆಡ್‌ಮಿಸ್ಟ್ರೆಸ್ಸಿನ ನೋಟ. ಪರ್ಸಿಗೆ ಕೋಳಿಯ ಮೇಲೆ ನಂಬಿಕೆಯಿರಲಿಲ್ಲ. ಆದರೆ ನೀಲಿ ಹ್ಯಾಟು ನೆನಪಾಯಿತು. ಹೂವಿನ ಪಕ್ಕದಲ್ಲಿ ಡಚೆಸ್ಸನ್ನು ಕೂರಿಸಿ, ಸೇಬಿನ ಪೆಟ್ಟಿಗೆಯೊಂದನ್ನು ಮೇಲೆ ಬೋರಲು ಹಾಕಿ ಮೂವರೂ ಸುತ್ತ ನಿಂತರು. ಒಳಗಿನಿಂದ ಗುರುಗುರು ಎಂಬ ತೃಪ್ತಿಯ ಸದ್ದು. ಕಾಲು ಗಂಟೆ ಕಳೆಯಿತು. ಪಾದ್ರಿಗಳು ಪೆಟ್ಟಿಗೆಯನ್ನು ಮೆಲ್ಲನೆ ಎತ್ತಿದರು.

ಹೂ ಬಿರಿದಿತ್ತು! ಮೂರು ಬಿಳಿ ಎಸಳು ಮೂರು ದಿಕ್ಕಿಗೆ ರೆಕ್ಕೆಯ ಹಾಗೆ ಹರಡಿ, ನಡುವೆ ಹಳದಿ ಹೃದಯ ದೀಪದ ಕುಡಿಯಂತೆ ಹೊಳೆಯುತ್ತಿತ್ತು. ಕನ್ನಡಕವಿಲ್ಲದ ಪರ್ಸಿಗೂ ಆ ಹಳದಿ ಕಂಡಿತು. “ಆಹಾ!” ಎಂದಳು ವಿನ್ನಿ. “ಆಹಾ!” ಎಂದರು ಪಾದ್ರಿಗಳು. ಡಚೆಸ್ಸೂ ಕತ್ತು ಓರೆ ಮಾಡಿ ನೋಡಿದಳು. ಮೆಕ್ಕೆಜೋಳದ ಕಾಳಿನ ಬಣ್ಣ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಾಯಸವಾಗಿದ್ದ ಮಣ್ಣು ಗೆಡ್ಡೆಯನ್ನು ಹಿಡಿದುಕೊಳ್ಳಲಿಲ್ಲ. ಒಂದೇ ಎಳೆತಕ್ಕೆ ಹೂ, ದಂಟು, ಗೆಡ್ಡೆ ಮೂರೂ ಕೈಗೆ, ಅಲ್ಲ, ಕೊಕ್ಕಿಗೆ ಬಂದವು. ಡಚೆಸ್ ಓಡಿದಳು. ಹಿಂದೆ ವಿನ್ನಿ, ಅವಳ ಹಿಂದೆ ಪಾದ್ರಿಗಳು, ಅವರ ಹಿಂದೆ ಪೊದೆಗಳಿಗೆಲ್ಲ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಪರ್ಸಿ. ಬೇಲಿಯ ಸಂದಿನಲ್ಲಿ ನುಗ್ಗಿದ ಡಚೆಸ್, ಹಿತ್ತಲಿನ ಹಿಂದೆ ಉಕ್ಕಿ ಹರಿಯುತ್ತಿದ್ದ ತೊರೆಯ ದಂಡೆಯಲ್ಲಿ ನಿಂತು, ಬಾಯಲ್ಲಿರುವುದು ಜೋಳವಲ್ಲವೆಂದು ಕಂಡುಕೊಂಡು, ಅಸಹ್ಯದಿಂದ ಉಗಿದಳು. ಮೂವತ್ತು ವರ್ಷದ ತಪಸ್ಸು ನೊರೆಯ ಮೇಲೆ ಎರಡು ಸುತ್ತು ತಿರುಗಿ, ಸೇತುವೆಯ ಕೆಳಗೆ ಹೋಗಿ, ಕಾಣದಾಯಿತು.

“ನಾನು ಆಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾ ಇದ್ದೆ,” ಎಂದರು ಪಾದ್ರಿಗಳು. “ನಾನೇನೂ ನೋಡಿಲ್ಲ. ಯಾರಾದರೂ ಕೇಳಿದರೆ ಅಷ್ಟೇ ಹೇಳ್ತೀನಿ.” ಹೇಳಿದವರೇ ಯಂತ್ರ ಬಗಲಿಗಿಟ್ಟುಕೊಂಡು ಹೊರಟುಹೋದರು.

ವಿನ್ನಿ ಏಪ್ರನ್ನಿನಲ್ಲಿ ಮೂಗೊರೆಸಿಕೊಂಡಳು. “ಮ್ಯೂರಿಯಲ್‌ಗೆ ಹೇಳಿಬಿಡು ಮಾರಾಯ.”

“ಏನಂತ? ನಿನ್ನ ಹೆಸರು ಹೊಳೇಲಿ ಹೋಯ್ತು ಅಂತಲಾ? ಹನ್ನೊಂದು ವರ್ಷ ಆದಮೇಲೆ ಆ ಹ್ಯಾಟು ಹಾಕ್ಕೊಂಡಿದಾಳೆ ವಿನ್ನಿ!” ಪರ್ಸಿ ಗೋಡೆಯ ಕಡೆ ತಿರುಗಿದ. ಅನಾಥಾಶ್ರಮ ನೆನಪಾಯಿತು. “ಒಂದೇ ಒಂದು ಮಾಮೂಲಿ ಸ್ನೋಡ್ರಾಪ್ ಸಿಕ್ಕಿದರೆ ಸಾಕು. ಹಸಿರು ಮಚ್ಚೆಯ ಮೇಲೆ ಒಂದಿಷ್ಟು ಹಳದಿ…”

“ಬಣ್ಣ ಬಳೀತೀಯಾ?”

“ಇವತ್ತೊಂದು ದಿನಕ್ಕೆ ಕಣೆ. ಬರುವ ವರ್ಷ ಹೂ ಸತ್ತುಹೋಯ್ತು ಅಂದರಾಯಿತು.”

ಹೆಡ್ಲಿ ಚಹಾಕ್ಕೆಂದು ಹಾಲ್‌ಗೆ ಹೋಗಿದ್ದ. ಪರ್ಸಿ ಗೋಡೆಯ ಮೇಲೆ ಹೊಟ್ಟೆಯಿಟ್ಟು ಆಚೆಗೆ ಬಾಗಿದ. ವಿನ್ನಿ ಈಚೆಯಿಂದ ಅವನ ಎರಡೂ ಕಾಲು ಹಿಡಿದುಕೊಂಡಳು. ದೂರದಿಂದ ನೋಡಿದವರಿಗೆ ಗೋಡೆಗೆ ಪ್ಯಾಂಟು ಒಣಹಾಕಿದ ಹಾಗೆ ಕಾಣುತ್ತಿತ್ತು. ಸಾರಿನ ಚಮಚದಿಂದ ಬಗೆದು, ಕೈಗೆ ಸಿಕ್ಕಿದ ಒಂದು ಮುದುಡಿದ ಬಿಳಿ ಮೊಗ್ಗನ್ನು ಮಣ್ಣಿನ ಸಮೇತ ಎತ್ತಿಕೊಂಡು ಬಂದು ಹಳೇ ಗುಣಿಯಲ್ಲಿ ನಾಟಿಬಿಟ್ಟ. ವಿನ್ನಿ ಕಾವಲಿಗೆಂದು ಗೇಟಿಗೆ ಓಡಿದಳು. ಪರ್ಸಿ ಅಡುಗೆಮನೆಯಿಂದ ಸ್ಯಾಂಡ್‌ವಿಚ್ಚಿಗೆ ಸವರುವ ಹಳದಿ ಸಾಸಿವೆ ಗೊಜ್ಜಿನ ಶೀಶೆ, ಒಂದು ಬೆಂಕಿಕಡ್ಡಿ ತಂದ. ಎಸಳು ಬಿಡಿಸಿ ಒಳಗೆ ನೋಡಿದರೆ ಕನ್ನಡಕವಿಲ್ಲದ ಕಣ್ಣಿಗೆ ಬರೀ ಬಿಳಿ ಮಬ್ಬು. ಮಚ್ಚೆ ಎಲ್ಲಿರಬೇಕೋ ಅಲ್ಲಿ ಅಂದಾಜಿನ ಮೇಲೆ ಮೂರು ಹೃದಯ ಬರೆದ. ಚರ್ಚಿನ ಗಡಿಯಾರ ಎರಡು ಹೊಡೆಯಿತು.

“ಬಂದ್ರು!” ಎಂದು ವಿನ್ನಿ ಕೂಗಿದಳು.

ಮುಂದೆ ಮಿಸ್ ಟೆಂಪರ್ಲಿ, ಪಕ್ಕದಲ್ಲಿ ನೀಲಿ ಹ್ಯಾಟಿನ ಮ್ಯೂರಿಯಲ್, ಹಿಂದೆ ಚಹಾದ ಲೋಟ ಕೈಯಲ್ಲೇ ಹಿಡಿದ ಅರ್ಧ ಊರು. ಜನರ ನಡುವೆ ಹೆಡ್ಲಿಯ ಟೋಪಿ. ಮಿಸ್ ಟೆಂಪರ್ಲಿ ಬೊಂಬಿನ ಹಾಗೆ ತೆಳ್ಳಗೆ, ನೆಟ್ಟಗೆ ಇದ್ದವರು. ರಬ್ಬರಿನ ಚಾಪೆ ಹಾಸಿ ಒಂದೇ ಚಲನೆಯಲ್ಲಿ ಅಡ್ಡವಾದರು. ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಹೂವಿನ ಕೆಳಗೆ ಹಿಡಿದರು. ನೋಡಿದರು. ಮೂಸಿದರು. ಇನ್ನೊಮ್ಮೆ ಮೂಸಿದರು.

“ಮಿಸ್ಟರ್ ಓಲ್ಡ್‌ರಾಯ್ಡ್.”

“ಹೇಳಿ ತಾಯಿ.”

“ನಿಮ್ಮ ಹೂವಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚಿನ ವಾಸನೆ ಬರ್ತಿದೆ. ಮತ್ತೆ ಇದು ಹೃದಯ ಅಂತ ಹೇಳಿದ್ರಿ. ನನಗೆ ಬೂಟಿನ ಹಾಗೆ ಕಾಣ್ತಿದೆ.”

ಅವರು ಕರವಸ್ತ್ರದ ತುದಿಯನ್ನು ನಾಲಗೆಗೆ ಸೋಕಿಸಿ ಎಸಳನ್ನು ಒರೆಸತೊಡಗಿದರು. ಪರ್ಸಿ ಕಣ್ಣು ಮುಚ್ಚಿದ. ಒಮ್ಮೆ ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಕೈಕೊಟ್ಟಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. ಆಗ ಬಸ್ಸಿನಲ್ಲಿ ಮ್ಯೂರಿಯಲ್ ಇರಲಿಲ್ಲ. ಸಾಸಿವೆ ಹೋಗುತ್ತದೆ, ಹಸಿರು ಮಚ್ಚೆ ಕಾಣುತ್ತದೆ, ಆಮೇಲೆ ತಾನು ಊರುಬಿಟ್ಟು ತೊರೆಯ ಗುಂಟ ತನ್ನ ಹೂವಿನ ಹಿಂದೆಯೇ ಹೋಗುವುದು.

ಬೈಗುಳ ಬರಲಿಲ್ಲ. ಪರ್ಸಿ ಒಂದು ಕಣ್ಣು ತೆರೆದ. ಮಿಸ್ ಟೆಂಪರ್ಲಿ ಕೆಸರಿನಲ್ಲೇ ಎದ್ದು ಕೂತಿದ್ದರು. ಅವರ ಹ್ಯಾಟು ಓರೆಯಾಗಿತ್ತು.

“ಮಚ್ಚೆ ಇಲ್ಲ,” ಎಂದರು.

“ತಪ್ಪಾಯ್ತು ತಾಯಿ. ಹಳದಿ ಮಚ್ಚೆ ಇತ್ತು, ಬೆಳಗ್ಗೆ ಕೋಳಿ…”

“ಹಳದಿ ಇಲ್ಲ, ಹಸಿರೂ ಇಲ್ಲ. ಏನೂ ಇಲ್ಲ! ಆರಕ್ಕೆ ಆರೂ ಎಸಳು ಹಾಲಿನಷ್ಟು ಬಿಳಿ. ಈ ಗಾತ್ರದಲ್ಲಿ, ಈ ಬಿಳುಪಿನಲ್ಲಿ… ಮೂವತ್ತೊಂದು ವರ್ಷ ಪ್ರತಿ ಫೆಬ್ರವರಿ ಹೊಟ್ಟೆ ಮೇಲೆ ಮಲಗಿದೀನಿ ಕಣ್ರೀ ನಾನು, ಇಂಥದ್ದನ್ನ ಕಂಡಿಲ್ಲ. ಇದಕ್ಕೆ ಹೋಗಿ ಸಾಸಿವೆ ಬಳಿದಿದೀರಲ್ಲ! ರಾಣಿಗೆ ಮೀಸೆ ಬರೆದ ಹಾಗೆ!”

ಜನ ಹೋ ಎಂದರು. ಮ್ಯೂರಿಯಲ್ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಪರ್ಸಿಯ ಎದೆ ಬಲೂನಿನ ಹಾಗೆ ಉಬ್ಬಿತು. ಮುಳುಗಿದ್ದ ಹಡಗು ಬಂಗಾರ ಹೊತ್ತು ತಾನಾಗಿ ದಡಕ್ಕೆ ಬಂದಿತ್ತು. ಅವನು ಗಂಟಲು ಸರಿಮಾಡಿಕೊಂಡ. “ಹಾಗಾದರೆ ಇದರ ಹೆಸರು…”

“ಒಂದು ನಿಮಿಷ. ಮೊದಲು ಮಣ್ಣು,” ಎಂದರು ಮಿಸ್ ಟೆಂಪರ್ಲಿ. ಹೊಸ ಹೂವನ್ನು ದಾಖಲೆ ಮಾಡುವಾಗ ಅದು ಹುಟ್ಟಿದ ಮಣ್ಣನ್ನು ಒಂದು ಚಿಟಿಕೆ ತೆಗೆದಿಡುವುದು ಸಂಘದ ಪದ್ಧತಿ. ಯಾರ ಮಣ್ಣೋ ಅವರೇ ಹೆಸರಿಡಬೇಕೆಂಬುದು ನಿಯಮ. ಬುಡಕ್ಕೆ ಎರಡು ಬೆರಳಿಟ್ಟು ಎತ್ತಿದರು. ಮಣ್ಣಿನ ಜೊತೆ ಒಂದು ನೀಲಿ ಎಳೆ ಎದ್ದು ಬಂತು. ಅದರ ಹಿಂದೆ ಒಂದು ಕೆಂಪು ಎಳೆ. ಅದರ ಹಿಂದೆ ಅರ್ಧ ಗುಂಡಿ ಅಂಟಿಕೊಂಡ ಹಸಿರು ಸ್ವೆಟರಿನ ಚಿಂದಿ.

ಊರಿಗೆ ಊರೇ ಹೆಡ್ಲಿಯ ಕಡೆ ತಿರುಗಿತು.

ಹೆಡ್ಲಿ ಮುಂದೆ ಬಂದು ಬಗ್ಗಿ ನೋಡಿದ. “ಅದು ನನ್ನ ಉಣ್ಣೆಯಲ್ವಾ?”

“ಮಣ್ಣು ಅವನದು, ಸರಿ!” ಎಂದು ಪರ್ಸಿ ಕಿರುಚಿದ. “ಆದರೆ ಗೆಡ್ಡೆ ನನ್ನದು! ಮೂರು ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಅವನ ಗೊಬ್ಬರಗುಂಡಿಗೆ ಎಸೆದಿದ್ದು!”

“ಯಾಕೆ ಎಸೆದಿರಿ?” ಎಂದು ಕೇಳಿದರು ಮಿಸ್ ಟೆಂಪರ್ಲಿ.

ಪರ್ಸಿಯ ದನಿ ಗೇಣಿನಿಂದ ಅಂಗುಲಕ್ಕಿಳಿಯಿತು. “ಮಚ್ಚೆ… ಇಲ್ಲ ಅಂತ.”

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಮುಗಿಯುವಷ್ಟರಲ್ಲಿ ಮೂರು ಲೋಟ ಒಡೆದಿತ್ತು. ಮಿಸ್ ಟೆಂಪರ್ಲಿ ಮಾತ್ರ ನಗಲಿಲ್ಲ. ಪೆನ್ಸಿಲ್ಲು, ತಗಡಿನ ಚೀಟಿ ತೆಗೆದುಕೊಂಡರು. “ಎಸೆದವರಿಗೆ ಹಕ್ಕಿಲ್ಲ. ಬೆಳೆದ ಮಣ್ಣು ಇವರದು. ಏನಂತ ಬರೀಲಿ, ಮಿಸ್ಟರ್ ಹೆಡ್ಲಿ? ರೂಬಾರ್ಬ್ ಅಂತ ಬರೆಯೋ ಹಾಗಿಲ್ಲ, ಮೊದಲೇ ಹೇಳ್ತೀನಿ.”

ಹೆಡ್ಲಿ ಟೋಪಿ ತೆಗೆದ. ನಲವತ್ತು ವರ್ಷದಲ್ಲಿ ಅವನ ಬೋಳುತಲೆಯನ್ನು ಊರು ನೋಡಿದ್ದು ಅದೇ ಮೊದಲು. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ, ನೀಲಿ ಹ್ಯಾಟಿನ ಕಡೆ ಒಮ್ಮೆ ನೋಡಿದ.

“ಪರ್ಸಿ ಊರಿಗೆಲ್ಲ ಮಾತು ಕೊಟ್ಟುಬಿಟ್ಟಿದಾನೆ. ಅವನ ಮಾತು ಉಳೀಬೇಕಲ್ಲ,” ಎಂದ. “ಮ್ಯೂರಿಯಲ್ ಅಂತ ಬರೀರಿ.”

ಚಪ್ಪಾಳೆಗೆ ಮರದ ಕಾಗೆಗಳೆಲ್ಲ ಎದ್ದವು. ವಿನ್ನಿ ಎರಡನೆಯ ಸಲ ಅತ್ತಳು. ಪಾದ್ರಿಗಳು ಈ ಸಲ ಎರಡೂ ಕಣ್ಣು ತೆರೆದುಕೊಂಡೇ ನೋಡಿದರು. ಪರ್ಸಿಯೂ ಚಪ್ಪಾಳೆ ತಟ್ಟಿದ. ತಟ್ಟದೆ ಬೇರೆ ದಾರಿಯಿರಲಿಲ್ಲ. ಅವನು ಕುರ್ಚಿ ಹತ್ತಿ ಹೇಳಿದ್ದ ಪ್ರತಿಯೊಂದು ಮಾತೂ ನಿಜವಾಗಿತ್ತು. ಎರಡು ಗಂಟೆಗೆ ಮಿಸ್ ಟೆಂಪರ್ಲಿ ಬಂದಿದ್ದರು, ಹೂವನ್ನು ಒಪ್ಪಿಕೊಂಡಿದ್ದರು, ಹೆಸರು ಮ್ಯೂರಿಯಲ್.

ಹೆಡ್ಲಿ ಒಳ್ಳೆಯವನು. ಗಿಡವನ್ನು ಮ್ಯೂರಿಯಲ್‌ಗೇ ಬಿಟ್ಟುಕೊಟ್ಟ, ಅಡುಗೆಮನೆಯ ಕಿಟಕಿಯ ಕೆಳಗೆ ಎದ್ದು ಕಾಣುವ ಹಾಗೆ ನೆಡಬೇಕೆಂದು ಹೇಳಿ, ಒಂದು ಬುಟ್ಟಿ ಉಣ್ಣೆಯ ಚಿಂದಿಯನ್ನೂ ಕಳಿಸಿದ. ಗುಣಿ ತೋಡಿದ್ದು ಪರ್ಸಿ. ಎಂದೋ ಇಬ್ಬರಿಗೂ ಆಗುತ್ತೆಂದು ತಂದ ಗುದ್ದಲಿಯಲ್ಲೇ.

ನಾಲ್ಕು ಗಂಟೆಗೆ ಗಂಡ ಹೆಂಡತಿ ಕುಸಿದ ಕೇಕನ್ನು ನಡುವೆ ಇಟ್ಟುಕೊಂಡು ಕೂತರು. ಕೋಳಿಯ ಕತೆಯನ್ನು ಮ್ಯೂರಿಯಲ್ ಪೂರ್ತಿ ಕೇಳಿದ್ದಳು, ಬೈದಿರಲಿಲ್ಲ. ಹ್ಯಾಟು ಇನ್ನೂ ತೆಗೆದಿರಲಿಲ್ಲ. ಪರ್ಸಿಯ ಲೋಟಕ್ಕೆ ಸಕ್ಕರೆಯನ್ನೂ ಹಾಕಿರಲಿಲ್ಲ. ಕಿಟಕಿಯಾಚೆ ನೋಡುತ್ತ, “ಹೆಡ್ಲಿ ಹತ್ತಿರ ಬಂದು ನಿಂತಿದ್ದನಲ್ಲ,” ಎಂದಳು. “ಈಗ ಆ ಕುರಿ ವಾಸನೆ ಅಷ್ಟೇನೂ ಬರಲ್ಲ ಅಲ್ವೇನ್ರೀ?”

ಪರ್ಸಿ ಕೇಕನ್ನು ಅಗಿಯುತ್ತಲೇ ಇದ್ದ.

“ಐದಕ್ಕೆ ವಿನ್ನಿ, ಪಾದ್ರಿ ಹೆಂಡತಿ, ಮಾಂಸದಂಗಡಿಯವನ ಅತ್ತೆ ಎಲ್ಲರೂ ನನ್ನ ಹೂ ನೋಡೋಕೆ ಬರ್ತಾರಂತೆ,” ಎಂದು ಮ್ಯೂರಿಯಲ್ ಹ್ಯಾಟು ಸರಿಮಾಡಿಕೊಂಡು ಕಿಟಕಿಯಿಂದ ಬಗ್ಗಿ ನೋಡಿದಳು. “ಅಯ್ಯೋ, ಚಳಿಗೆ ಮುಚ್ಕೊಂಡುಬಿಟ್ಟಿದೆ. ರೀ, ಗೋಣಿಚೀಲ ಬಾಗಿಲ ಹಿಂದಿದೆ. ಹೋಗಿ ಒಂದು ಸ್ವಲ್ಪ ಉಸಿರು ಬಿಟ್ಟು ಬನ್ನಿ.”